ಮೊರೀನ್ ಟಾಸ್ಕರ್‌ಗೆ ಬರುವ ಕರೆಗಳು

ಐದು ಪೌಂಡಿನ ಸಿಮ್ಮು. ಗ್ರಿಮ್ಸ್‌ಬಿಯ ಫ್ರೀಮನ್ ಸ್ಟ್ರೀಟಿನಲ್ಲಿ
ಮೀನು ವಾಸನೆಯ ಅಂಗಡಿಯೊಂದರಲ್ಲಿ ಕೊಂಡದ್ದು.
ಹೊಸ ನಂಬರು ಎಂದ ಹುಡುಗ. ಹೊಸದಲ್ಲ.
ಯಾರೋ ಉಟ್ಟು ಬಿಟ್ಟದ್ದನ್ನು
ಒಗೆಯದೆ ಮಡಿಸಿ ಕೊಟ್ಟಿದ್ದ.

ಹೊಟ್ಟೆಪಾಡಿಗೆ ನಾನು ಕಟ್ಟುಹಲ್ಲು ಮಾಡುತ್ತೇನೆ.
ಮೊದಲ ಕರೆ ಬಂದಾಗ ಎರಡೂ ಕೈಗೆ ಗುಲಾಬಿ ಮೇಣ,
ಮುಂದೆ ಯಾರದೋ ಮೇಲ್ದವಡೆ, ಹದಿನಾಲ್ಕು ಹಲ್ಲು.
ಮೊಣಕೈಯಿಂದ ಒತ್ತಿದೆ.
"ಮಿಸೆಸ್ ಟಾಸ್ಕರ್, ಈಚೆಗೆ ನಿಮಗಾದ ಅಪಘಾತ,
ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ."
ಎಷ್ಟು ಒಳ್ಳೆಯ ಮಾತು.
ಇಷ್ಟು ವರ್ಷದಲ್ಲಿ ಯಾರೂ ನನಗೆ ಹಾಗೆಂದಿರಲಿಲ್ಲ.
ನಾನವಳಲ್ಲ ಎನ್ನುವಷ್ಟರಲ್ಲಿ ಮೇಣ ಆರಿ
ಒಂದು ಕೋರೆಹಲ್ಲು ಸೊಟ್ಟಗಾಯಿತು.

ಆಮೇಲೆ ಬಂದೇ ಬಂದವು.
ಅಟ್ಟಕ್ಕೆ ಹೊದಿಕೆ, ಬಾಯ್ಲರಿಗೆ ವಿಮೆ,
ಕೇಳದ ಕಿವಿಗೆ ಕಡಲೆಕಾಳಿನಷ್ಟು ಯಂತ್ರ,
ಈಗಲೇ ಕಂತು ಕಟ್ಟಿ ನಿಶ್ಚಿಂತೆಯಿಂದ ಸಾಯುವ ಯೋಜನೆ,
ಜೊತೆಗೊಂದು ಪೆನ್ನು ಉಚಿತ.
ಒಬ್ಬಳು, ಹೊಸಬಳಿರಬೇಕು, ಬಾಯಿಪಾಠ ಮರೆತು
ಸಾರಿ ಸಾರಿ ಎಂದಳು;
ಹಿಂದೆ ಯಾರೋ ಅವಳನ್ನು ಬೈಯುವುದು ಕೇಳಿಸಿತು.

ಒಂದೊಂದು ಕರೆಯಿಂದ ಒಂದೊಂದು ಹಲ್ಲು ಕೂರಿಸಿದಂತೆ
ಮೊರೀನಳನ್ನು ಜೋಡಿಸಿದೆ:
ಎಪ್ಪತ್ತು ದಾಟಿದೆ, ಸ್ವಂತ ಮನೆ,
ಬೆಳ್ಳಿ ಬಣ್ಣದ ಕಾರು, ಗಂಡನಿಲ್ಲ,
ಎಡಗಿವಿ ಮಂದ.
ಪಕ್ಕದ ಮನೆಯವರಿಗೂ ಇಷ್ಟು ಗೊತ್ತಿರಲಿಕ್ಕಿಲ್ಲ.

ಮೆಸೇಜುಗಳದ್ದು ಇನ್ನೊಂದು ಕಾಟ.
ಪಾರ್ಸೆಲ್ ಡಿಪೋದಲ್ಲಿ ಬಿದ್ದಿದೆ,
ಒಂದು ಪೌಂಡು ನಲವತ್ತೈದು ಪೆನ್ನಿ ಕಟ್ಟಿ.
ಬೇಡವಾದರೆ ಸ್ಟಾಪ್ ಎಂದು ಕಳಿಸಿ.
ಕಳಿಸಬೇಡ, ಎಂದ ಲ್ಯಾಬಿನ ಡೆರಿಕ್,
ಸ್ಟಾಪ್ ಅಂದರೆ ಅವರಿಗೆ
ಬದುಕಿದ್ದಾಳೆ ಎಂದು ಅರ್ಥ.

ಕರೆ ಬೇಡದವರ ಪಟ್ಟಿಗೆ ನಂಬರು ಬರೆಸಿದೆ.
ಇಪ್ಪತ್ತೆಂಟು ದಿನ ಎಂದರು. ಕಾದೆ.
ಇಪ್ಪತ್ತೊಂಬತ್ತನೆಯ ದಿನ ಆ ಪಟ್ಟಿಯವನೇ ಎಂದುಕೊಂಡು
ಒಬ್ಬ ಬ್ಯಾಂಕ್ ಕಾರ್ಡಿನ ಅಂಕಿ ಕೇಳಿದ.

ಕೊನೆಗೆ ನೆನಪಾದದ್ದು ತಿಪಟೂರಿನ ಒಂದು ಬಾಗಿಲು.
ಇಟ್ಟಿಗೆ ಚೂರಿನಲ್ಲಿ ಸೋದರತ್ತೆ ಬರೆದಿದ್ದಳು: ನಾಳೆ ಬಾ.
ದೆವ್ವ ಗೊತ್ತಿದ್ದವರ ದನಿಯಲ್ಲೇ ಕೂಗುತ್ತದೆ,
ಓ ಅಂದರೆ ಮುಗಿಯಿತು;
ಬರಹ ಓದಿ ವಾಪಸು ಹೋಗುತ್ತದೆ,
ಮಾರನೆಯ ರಾತ್ರಿಯೂ ಅದೇ ಬರಹ.
ಅಕ್ಷರ ಬಲ್ಲ ದೆವ್ವ, ಮರ್ಯಾದಸ್ಥ ದೆವ್ವ.
ಈಗಿನವೂ ಈ ಊರಿನದೇ ಕೋಡು ಹೊತ್ತು ಬರುತ್ತವೆ.
ಹಾಗಾಗಿ ಎತ್ತುವುದು, ನಾಳೆ ಮಾಡಿ ಎನ್ನುವುದು, ಇಡುವುದು.
ಮೂರು ಸೆಕೆಂಡು. ಮೇಣ ಆರುವುದಿಲ್ಲ.

ಸಂಜೆ ಆರರ ಕರೆಗೂ ಅದನ್ನೇ ಹೇಳಿದೆ.
ಅದು ಶುರುವಾಗುತ್ತಿದ್ದದ್ದು ಒಂದು ಕೆಮ್ಮಿನಿಂದ.
ರೆಕಾರ್ಡಿಂಗಿಗೆ ಕೆಮ್ಮುವುದನ್ನೂ ಕಲಿಸಿದ್ದಾರಲ್ಲ ಎಂದುಕೊಂಡೆ.
ನಾಳೆ ಮಾಡಿ. ನಾಳೆ ಮಾಡಿ. ನಾಳೆ.
ಒಂಬತ್ತನೆಯ ಸಂಜೆ ಬಾಯಲ್ಲಿ ಅನ್ನವಿತ್ತು,
ಹೇಳಲು ತಡವಾಯಿತು. ಆ ಸಂದಿನಲ್ಲಿ

"ಸಿಸ್ಟರ್, ಇವತ್ತೂ ಮಲಗಿದ್ದಾಳಾ?
ಎಬ್ಬಿಸಬೇಡಿ. ವಿಲ್ಫ್ ಮಾಡಿದ್ದ ಅನ್ನಿ.
ಅವಳ ಆಮೆ ಚಳಿಗಾಲದ ನಿದ್ದೆ ಮುಗಿಸಿ ಎದ್ದಿದೆ,
ಸೌತೆಕಾಯಿ ತಿಂತು. ಅಷ್ಟೇ.
ನಾಳೆ ಮಾಡ್ತೀನಿ."

ಇಟ್ಟುಬಿಟ್ಟ. ಕಲಿಸಿದವಳು ನಾನೇ.

ಆ ತುತ್ತು ಎಷ್ಟು ಹೊತ್ತಿಗೆ ಇಳಿಯಿತೋ.
ಮೊರೀನ್ ಎಲ್ಲಿದ್ದಾಳೆ, ನನಗೆ ಗೊತ್ತಿಲ್ಲ.
ಬಿಟ್ಟುಕೊಟ್ಟ ನಂಬರಿಗೆ ಎರಡೋ ಮೂರೋ ಅರ್ಥಗಳಿರಬಹುದು,
ಯಾವುದೂ ಸಂಜೆ ಆರಕ್ಕೆ
ಕೆಮ್ಮಿನ ಮನುಷ್ಯನಿಗೆ ಹೇಳುವಂಥದ್ದಲ್ಲ.

ಇವತ್ತು ಬೇಗ ಬಂದು ಕೈ ತೊಳೆದುಕೊಂಡೆ,
ಉಗುರಿನ ಸಂದಿನ ಮೇಣವನ್ನೂ ತೆಗೆದೆ.
ಐದೂ ಐವತ್ತಕ್ಕೆ ಒಂದು ಬಂತು,
ಅಟ್ಟದ ಹೊದಿಕೆಯವನು.
ಲೈನು ಬಿಡಪ್ಪಾ, ಎಂದೆ ಕನ್ನಡದಲ್ಲೇ,
ಒಬ್ಬರು ಬರುವವರಿದ್ದಾರೆ.